ಗೂಡ್ಸ್ ಗಾಡಿಯ ಡೀಸೆಲ್ ಲೋಕೋ ಯಾವುದೆಂದು ಗುರುತಿಸುವುದು ಹೇಗೆ?

"ಗೂಡ್ಸ್ ಗಾಡಿ ಹೋಯ್ತು, ಮುಂದೆ ಎರಡು ಡೀಸೆಲ್ ಎಂಜಿನ್ ಇತ್ತು. ಯಾವ ಮಾಡೆಲ್ ಅಂತ ಹೇಗೆ ತಿಳಿಯೋದು?" ಓದುಗರು ಇದನ್ನು ಕೇಳುತ್ತಲೇ ಇದ್ದಾರೆ. ಕೆಲವರು ಫೋಟೋ ಕಳಿಸುತ್ತಾರೆ, ಕೆಲವರು ಬಣ್ಣವನ್ನಷ್ಟೇ ಹೇಳಿ ಹೆಸರು ಕೇಳುತ್ತಾರೆ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರಿಸುವ ಬದಲು, ಭಾರತೀಯ ರೈಲ್ವೆಯ ಡೀಸೆಲ್ ಸರಕು ಲೋಕೋಗಳನ್ನು ನೀವೇ ಗುರುತಿಸಲು ಬೇಕಾದುದನ್ನೆಲ್ಲ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ. ಹೆಚ್ಚಿನ ಮಾರ್ಗಗಳಿಗೆ ವಿದ್ಯುತ್ ತಂತಿ ಬಂದಾಗಿದೆ, ಡೀಸೆಲ್ ಲೋಕೋಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ಇವುಗಳನ್ನು ನೋಡಿ ಸರಿಯಾಗಿ ಬರೆದಿಟ್ಟುಕೊಳ್ಳುವ ಕೆಲಸ ಈಗ ಆಗಬೇಕು.

ಮೊದಲು ಎರಡು ಪದಗಳ ವಿಚಾರ. ಮಾತಿನಲ್ಲಿ ನಾವು ಇಡೀ ವಾಹನವನ್ನೇ "ಎಂಜಿನ್" ಎನ್ನುತ್ತೇವೆ. ಇಲ್ಲಿ ವಾಹನಕ್ಕೆ "ಲೋಕೋ" ಎಂದೂ ಅದರ ಹೊಟ್ಟೆಯೊಳಗೆ ಡೀಸೆಲ್ ಉರಿಸುವ ಯಂತ್ರಕ್ಕೆ ಮಾತ್ರ "ಎಂಜಿನ್" ಎಂದೂ ಬರೆಯುತ್ತೇನೆ. ಇನ್ನೊಂದು ಪದ "ಬೋಗಿ". ನಮಗೆ ಬೋಗಿ ಎಂದರೆ ಜನ ಕೂರುವ ಡಬ್ಬಿ. ರೈಲ್ವೆಯವರಿಗೆ ಬೋಗಿ ಎಂದರೆ ಡಬ್ಬಿಯ ಅಥವಾ ಲೋಕೋದ ಅಡಿಯಲ್ಲಿ ಗಾಲಿಗಳನ್ನು ಹಿಡಿದಿರುವ ಉಕ್ಕಿನ ಚೌಕಟ್ಟು. ಮುಂದೆ ಬೋಗಿ ಎಂದಾಗಲೆಲ್ಲ ಈ ಚೌಕಟ್ಟನ್ನೇ ನೆನಪಿಡಿ.

ಏನೇನು ಬೇಕು

ಒಂದು ಚಿಕ್ಕ ಟಿಪ್ಪಣಿ ಪುಸ್ತಕ, ಒಂದು ಪೆನ್ನು, ದೂರದ್ದನ್ನು ಹತ್ತಿರ ತೋರಿಸುವ ಫೋನ್ ಕ್ಯಾಮೆರಾ. ನಿಲ್ದಾಣದೊಳಗೆ ನಿಂತು ನೋಡುವುದಾದರೆ ಪ್ಲಾಟ್‌ಫಾರ್ಮ್ ಟಿಕೆಟ್. ಇಷ್ಟು ಸಾಕು.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಹಳಿಯ ಮೇಲೆ, ಯಾರ್ಡ್‌ನೊಳಗೆ, ಶೆಡ್‌ನೊಳಗೆ ಅನುಮತಿ ಇಲ್ಲದೆ ಕಾಲಿಡಬೇಡಿ. 1989ರ ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ ಅದು ಅಪರಾಧ. ಕಾನೂನಿಗಿಂತ ದೊಡ್ಡ ಕಾರಣ ಇನ್ನೊಂದಿದೆ: ಒಂದು ಹಳಿಯಲ್ಲಿ ನಿಂತ ಲೋಕೋದ ಸದ್ದಿನಲ್ಲಿ ಪಕ್ಕದ ಹಳಿಯಲ್ಲಿ ಬರುವ ಗಾಡಿ ಕೇಳಿಸುವುದೇ ಇಲ್ಲ. ಪ್ಲಾಟ್‌ಫಾರ್ಮ್, ಪಾದಚಾರಿ ಮೇಲ್ಸೇತುವೆ, ಲೆವೆಲ್ ಕ್ರಾಸಿಂಗ್ ಗೇಟಿನ ಹೊರಗಿನ ಜಾಗ, ಈ ಮೂರು ನೋಡಲು ಚೆನ್ನಾಗಿವೆ. ಗೂಡ್ಸ್ ಗಾಡಿಗಳು ದಾರಿ ಬಿಡಲು ಲೂಪ್ ಲೈನ್‌ನಲ್ಲಿ ಗಂಟೆಗಟ್ಟಲೆ ನಿಲ್ಲುವುದುಂಟು. ಲೂಪ್ ಲೈನ್ ಎಂದರೆ ನಿಲ್ದಾಣದಲ್ಲಿ ಮುಖ್ಯ ಹಳಿಯಿಂದ ಕವಲೊಡೆದು ಮತ್ತೆ ಅದನ್ನೇ ಸೇರುವ ಪಕ್ಕದ ಹಳಿ. ಓಡುವ ಗಾಡಿಗಿಂತ ಹೀಗೆ ನಿಂತ ಗಾಡಿಯಿಂದ ಕಲಿಯುವುದು ಸುಲಭ.

ಹಂತ 1: ಮೊದಲ ಮೂರು ಅಕ್ಷರ ಓದಿ

ಕ್ಯಾಬ್ ಎಂದರೆ ಲೋಕೋ ಪೈಲಟ್ ಕೂರುವ ಕೋಣೆ. ಅದರ ಪಕ್ಕದ ಗೋಡೆಯಲ್ಲೋ ಲೋಕೋದ ಮೂತಿಯಲ್ಲೋ ಇಂಗ್ಲಿಷ್ ಅಕ್ಷರಗಳಲ್ಲಿ ಮಾದರಿಯ ಹೆಸರು ಬರೆದಿರುತ್ತದೆ: ಡಬ್ಲ್ಯೂಡಿಜಿ-4, ಡಬ್ಲ್ಯೂಡಿಎಂ-3ಎ, ಹೀಗೆ. ಪ್ರತಿ ಅಕ್ಷರಕ್ಕೂ ಅರ್ಥವಿದೆ.

ಮೊದಲ ಅಕ್ಷರ ಗೇಜ್, ಅಂದರೆ ಎರಡು ಹಳಿಗಳ ನಡುವಿನ ಅಂತರ. ಡಬ್ಲ್ಯೂ ಎಂದರೆ 1,676 ಮಿಲಿಮೀಟರಿನ ಬ್ರಾಡ್‌ಗೇಜ್, ವೈ ಎಂದರೆ 1,000 ಮಿಲಿಮೀಟರಿನ ಮೀಟರ್‌ಗೇಜ್, ಝೆಡ್ ಎಂದರೆ 762 ಮಿಲಿಮೀಟರ್, ಎನ್ ಎಂದರೆ 610 ಮಿಲಿಮೀಟರ್. ಕರ್ನಾಟಕದಲ್ಲಿ ಈಗ ಕಾಣುವುದೆಲ್ಲ ಡಬ್ಲ್ಯೂ. ಹಾಸನ–ಮಂಗಳೂರು ದಾರಿ ಮೀಟರ್‌ಗೇಜ್ ಆಗಿದ್ದಾಗಿನ ಹಳೆಯ ಫೋಟೋ ನಿಮ್ಮ ಮನೆಯಲ್ಲಿದ್ದರೆ ಅದರಲ್ಲಿ ವೈಡಿಎಂ-4 ಸಿಗಬಹುದು.

ಎರಡನೆಯ ಅಕ್ಷರ ಶಕ್ತಿಯ ಮೂಲ. ಡಿ ಎಂದರೆ ಡೀಸೆಲ್. ಎ ಎಂದರೆ ಏಕಾಂತರ ವಿದ್ಯುತ್, ಸಿ ಎಂದರೆ ನೇರ ವಿದ್ಯುತ್.

ಮೂರನೆಯದು ಕೆಲಸ. ಜಿ ಎಂದರೆ ಗೂಡ್ಸ್, ಪಿ ಎಂದರೆ ಪ್ಯಾಸೆಂಜರ್, ಎಂ ಎಂದರೆ ಮಿಶ್ರ, ಅಂದರೆ ಎರಡಕ್ಕೂ ಆಗುವಂಥದ್ದು. ಎಸ್ ಎಂದರೆ ಶಂಟಿಂಗ್: ಯಾರ್ಡ್‌ನಲ್ಲಿ ಡಬ್ಬಿಗಳನ್ನು ಅತ್ತಿತ್ತ ಜೋಡಿಸುವ ಕೆಲಸ.

ಹೀಗೆ ಓದಿದರೆ ಡಬ್ಲ್ಯೂಡಿಜಿ ಎಂದರೆ "ಬ್ರಾಡ್‌ಗೇಜಿನ ಡೀಸೆಲ್ ಸರಕು ಲೋಕೋ".

ಹೆಚ್ಚಿನವರು ತಪ್ಪುವ ಮೊದಲ ಜಾಗವೂ ಇದೇ. ಗೂಡ್ಸ್ ಗಾಡಿ ಎಳೆಯುತ್ತಿದೆ, ಹಾಗಾಗಿ ಅದು "ಜಿ" ಮಾದರಿಯೇ ಇರಬೇಕು ಎಂದುಕೊಂಡುಬಿಡುತ್ತಾರೆ. ರೈಲ್ವೆಯಲ್ಲಿ ಆ ಹೊತ್ತಿಗೆ ಕೈಗೆ ಸಿಕ್ಕ ಲೋಕೋವನ್ನು ಹಾಕುತ್ತಾರೆ. "ಎಂ" ಮಾದರಿಗಳು ದಶಕಗಳ ಕಾಲ ಸರಕು ಎಳೆದಿವೆ, "ಜಿ" ಮಾದರಿಗಳು ಪ್ಯಾಸೆಂಜರ್ ಗಾಡಿಯ ಮುಂದೆಯೂ ನಿಂತಿವೆ. ಹಿಂದಿರುವ ಗಾಡಿಯನ್ನು ನೋಡಿ ಮುಂದಿರುವ ಲೋಕೋಗೆ ಹೆಸರಿಡಬೇಡಿ.

ಹಂತ 2: ಅಂಕಿ ಮತ್ತು ಬಾಲದ ಅಕ್ಷರ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಇದರಲ್ಲಿ ಎರಡು ಕಾಲದ ಎರಡು ಪದ್ಧತಿಗಳು ಕಲೆಸಿಕೊಂಡಿವೆ.

ಹಳೆಯ ಪದ್ಧತಿಯಲ್ಲಿ ಅಂಕಿ ಬರೀ ಸರದಿ. 1957ರಲ್ಲಿ ಬಂದದ್ದು ಡಬ್ಲ್ಯೂಡಿಎಂ-1, 1962ರಲ್ಲಿ ಬಂದದ್ದು ಡಬ್ಲ್ಯೂಡಿಎಂ-2. ಅಂಕಿಗೂ ಶಕ್ತಿಗೂ ನಂಟಿಲ್ಲ. ಡಬ್ಲ್ಯೂಡಿಎಂ-2ರ ಶಕ್ತಿ 2,600 ಅಶ್ವಶಕ್ತಿ.

2000ದ ದಶಕದ ಮೊದಲ ವರ್ಷಗಳಲ್ಲಿ ಹೊಸ ಪದ್ಧತಿ ಬಂತು. ಇದರಲ್ಲಿ ಅಂಕಿ ಎಂದರೆ ಸಾವಿರ ಅಶ್ವಶಕ್ತಿ, ಬಾಲದ ಅಕ್ಷರ ಎಂದರೆ ಅದಕ್ಕೆ ಸೇರಿಸಬೇಕಾದ ನೂರುಗಳು: ಎ ಎಂದರೆ 100, ಬಿ ಎಂದರೆ 200, ಸಿ ಎಂದರೆ 300. ಹಾಗಾಗಿ ಡಬ್ಲ್ಯೂಡಿಜಿ-3ಎ ಎಂದರೆ 3,100 ಅಶ್ವಶಕ್ತಿಯ ಸರಕು ಲೋಕೋ. ಇದೇ ಲೋಕೋಗೆ ಮೊದಲು ಡಬ್ಲ್ಯೂಡಿಜಿ-2 ಎಂಬ ಹೆಸರಿತ್ತು. ಡಬ್ಲ್ಯೂಡಿಎಂ-2ಸಿ ಎಂಬುದು ಡಬ್ಲ್ಯೂಡಿಎಂ-3ಎ ಆಯಿತು. ಹಳೆಯ ಫೋಟೋದಲ್ಲಿ ಒಂದು ಹೆಸರು, ಹೊಸ ಫೋಟೋದಲ್ಲಿ ಇನ್ನೊಂದು ಹೆಸರು, ಲೋಕೋ ಸಂಖ್ಯೆ ಮಾತ್ರ ಅದೇ! ಇದು ಬರೆದವರ ತಪ್ಪಲ್ಲ, ಎರಡೂ ಸರಿ.

ಹೊಸ ಪದ್ಧತಿಯನ್ನು ರೈಲ್ವೆಯೇ ಕಟ್ಟುನಿಟ್ಟಾಗಿ ಪಾಲಿಸಿಲ್ಲ. ಡಬ್ಲ್ಯೂಡಿಎಂ-3ಡಿ ಲೆಕ್ಕದ ಪ್ರಕಾರ 3,400 ಇರಬೇಕು, ಇರುವುದು 3,300. ಡಬ್ಲ್ಯೂಡಿಪಿ-4ಬಿ ಲೆಕ್ಕಕ್ಕೆ 4,200, ನಿಜದಲ್ಲಿ 4,500. ಡಬ್ಲ್ಯೂಡಿಜಿ-4ಡಿ ಲೆಕ್ಕಕ್ಕೆ 4,400, ನಿಜದಲ್ಲಿ 4,500. ಡಬ್ಲ್ಯೂಡಿಜಿ-4ಜಿ ಮತ್ತು ಡಬ್ಲ್ಯೂಡಿಜಿ-6ಜಿ ಎಂಬವುಗಳ ಕೊನೆಯ "ಜಿ"ಯಂತೂ ನೂರುಗಳ ಲೆಕ್ಕವೇ ಅಲ್ಲ, ಅದು ಜನರಲ್ ಎಲೆಕ್ಟ್ರಿಕ್ ವಿನ್ಯಾಸವೆಂದು ಹೇಳುವ ಗುರುತು. ಆದ್ದರಿಂದ ಬಾಲದ ಅಕ್ಷರವನ್ನು ಹೆಸರಿನ ಭಾಗವಾಗಿ ಬರೆದುಕೊಳ್ಳಿ, ಅದರಿಂದ ಗಣಿತ ಮಾಡಲು ಹೋಗಬೇಡಿ.

ಇನ್ನೊಂದು ಬಲೆ ಇದೆ. 1970ರಲ್ಲಿ ಜರ್ಮನಿಯ ಹೆನ್ಷೆಲ್ ಕಂಪನಿಯಿಂದ ಕೆಲವು ಲೋಕೋಗಳು ಬಂದವು, ಅವುಗಳ ಹೆಸರು ಡಬ್ಲ್ಯೂಡಿಎಂ-3. ಈಗಿನ ಡಬ್ಲ್ಯೂಡಿಎಂ-3ಎಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಬರೆಯುವಾಗ ಕೊನೆಯ ಅಕ್ಷರ ಬಿಟ್ಟುಬಿಟ್ಟರೆ ನೀವು ಬೇರೆಯೇ ದೇಶದ, ಬೇರೆಯೇ ಬಗೆಯ ಲೋಕೋವನ್ನು ನೋಡಿದಂತಾಗುತ್ತದೆ.

ಹಂತ 3: ಐದಂಕಿಯ ಸಂಖ್ಯೆ ಹಿಡಿಯಿರಿ

ಗಾಡಿ ವೇಗವಾಗಿ ಹೋಗುತ್ತಿದ್ದು ಒಂದೇ ಒಂದು ವಿಷಯ ನೋಡಲು ಸಮಯವಿದ್ದರೆ, ಮಾದರಿಯ ಹೆಸರನ್ನು ಬಿಡಿ, ಲೋಕೋ ಸಂಖ್ಯೆ ಹಿಡಿಯಿರಿ. ಮೂತಿಯ ಮೇಲೂ ಕ್ಯಾಬಿನ ಪಕ್ಕದಲ್ಲೂ ದೊಡ್ಡದಾಗಿ ಬರೆದಿರುತ್ತದೆ. ಕೆಲವು ಲೋಕೋಗಳಲ್ಲಿ ಒಂದು ಬದಿಗೆ ದೇವನಾಗರಿ ಅಂಕಿಗಳಿರುತ್ತವೆ, ಗಾಬರಿಯಾಗಬೇಡಿ. ಮೊದಲ ಎರಡು ಅಂಕಿಗಳೇ ಬಹುಪಾಲು ಕಥೆ ಹೇಳುತ್ತವೆ.

13ರಿಂದ ಶುರುವಾದರೆ ಡಬ್ಲ್ಯೂಡಿಜಿ-3ಎ. 12ರಿಂದ ಶುರುವಾದರೆ ಡಬ್ಲ್ಯೂಡಿಜಿ-4. ಆ ಸರಣಿ ಮುಗಿದ ಮೇಲೆ 70ರ ಸರಣಿ ಬಂತು, ಅದರಲ್ಲಿ ಡಬ್ಲ್ಯೂಡಿಜಿ-4 ಕೂಡ ಇದೆ, ಡಬ್ಲ್ಯೂಡಿಜಿ-4ಡಿ ಕೂಡ ಇದೆ. 49 ಎಂದರೆ ಡಬ್ಲ್ಯೂಡಿಜಿ-4ಜಿ, 69 ಎಂದರೆ ಡಬ್ಲ್ಯೂಡಿಜಿ-6ಜಿ. 50 ಎಂದರೆ 5,500 ಅಶ್ವಶಕ್ತಿಯ, "ಭೀಮ್" ಎಂದು ಹೆಸರಿಟ್ಟ ಡಬ್ಲ್ಯೂಡಿಜಿ-5. ಅದು ತೀರ ಅಪರೂಪ, ಕಂಡರೆ ನಿಮ್ಮ ಅದೃಷ್ಟ.

ಸರಕು ಗಾಡಿಯ ಮುಂದೆ ಕಾಣಬಹುದಾದ ಉಳಿದವು: 11 ಎಂದರೆ ಡಬ್ಲ್ಯೂಡಿಎಂ-3ಡಿ, 16, 17, 18 ಎಂದರೆ ಡಬ್ಲ್ಯೂಡಿಎಂ-2 ಅಥವಾ ಅದರ ಮುಂದಿನ ರೂಪ ಡಬ್ಲ್ಯೂಡಿಎಂ-3ಎ, 20 ಎಂದರೆ ಡಬ್ಲ್ಯೂಡಿಪಿ-4, 40 ಎಂದರೆ ಡಬ್ಲ್ಯೂಡಿಪಿ-4ಬಿ ಅಥವಾ 4ಡಿ, 36 ಎಂದರೆ ಶಂಟಿಂಗಿನ ಡಬ್ಲ್ಯೂಡಿಎಸ್-6.

14ರಲ್ಲಿ ಜಾಗ್ರತೆ. ಈ ಸರಣಿಯ ಮೊದಲ ಭಾಗದಲ್ಲಿ ಡಬ್ಲ್ಯೂಡಿಎಂ-3ಎಗಳೂ ಇವೆ, 14500ರ ನಂತರ ಡಬ್ಲ್ಯೂಡಿಜಿ-3ಎಗಳೂ ಇವೆ. ಸಂಖ್ಯೆ ಪೂರ್ತಿ ಓದದೆ "14 ಅಂದ್ರೆ ಜಿ" ಎಂದು ಬರೆದುಕೊಂಡವರ ಪಟ್ಟಿಗಳನ್ನು ನಾನು ಎಷ್ಟೋ ಸಲ ತಿದ್ದಿದ್ದೇನೆ.

ಸಂಖ್ಯೆಯ ಕೊನೆಗೆ "ಆರ್" ಎಂಬ ಅಕ್ಷರ ಇದ್ದರೆ ಅದನ್ನೂ ಬರೆದುಕೊಳ್ಳಿ. ಪಟಿಯಾಲದ ಕಾರ್ಖಾನೆಯಲ್ಲಿ ಪೂರ್ತಿ ಬಿಚ್ಚಿ ಮರುನಿರ್ಮಾಣ ಮಾಡಿದ ಲೋಕೋ ಅದು. ಡಬ್ಲ್ಯೂಡಿಎಂ-2 ಆಗಿ ಹುಟ್ಟಿ, ಪಟಿಯಾಲಕ್ಕೆ ಹೋಗಿ, ಡಬ್ಲ್ಯೂಡಿಎಂ-3ಎ ಆಗಿ ಹೊರಬಂದ ಲೋಕೋಗಳು ಬೇಕಾದಷ್ಟಿವೆ.

ಹಂತ 4: ಶೆಡ್ಡಿನ ಹೆಸರು

ಪ್ರತಿ ಲೋಕೋಗೂ ಒಂದು ತವರು ಶೆಡ್ ಇರುತ್ತದೆ, ಅದರ ನಿರ್ವಹಣೆ ಅಲ್ಲೇ. ಶೆಡ್ಡಿನ ಹೆಸರೋ ಸಂಕೇತವೋ ಮೈಮೇಲೆ ಬರೆದಿರುತ್ತದೆ. ಯುಬಿಎಲ್ ಎಂದರೆ ಹುಬ್ಬಳ್ಳಿ, ಕೆಜೆಎಂ ಎಂದರೆ ಬೆಂಗಳೂರಿನ ಕೃಷ್ಣರಾಜಪುರಂ, ಜಿವೈ ಎಂದರೆ ಗುತ್ತಿ, ಜಿಒಸಿ ಎಂದರೆ ತಿರುಚಿರಾಪಳ್ಳಿಯ ಪೊನ್ಮಲೈ, ಪಿಎ ಎಂದರೆ ಪುಣೆ.

ಶೆಡ್ ಗೊತ್ತಾದರೆ ಊಹೆಗೆ ಬಲ ಬರುತ್ತದೆ. 1999ರಲ್ಲಿ ಅಮೆರಿಕದಿಂದ ಬಂದ ಮೊದಲ ಡಬ್ಲ್ಯೂಡಿಜಿ-4ಗಳ ತವರು ಹುಬ್ಬಳ್ಳಿ. ದೇಶದಲ್ಲೇ ಮೊದಲು ಈ ಕುಟುಂಬವನ್ನು ಸಾಕಿ ಕಲಿತ ಶೆಡ್ ನಮ್ಮದು ಎಂಬ ಹೆಮ್ಮೆ ನನಗಿದೆ. ಗುತ್ತಿಯ ಹೆಸರು ಕಂಡರೆ ಡಬ್ಲ್ಯೂಡಿಜಿ-3ಎ ಇರಬಹುದೇ ಎಂದು ನೋಡಿ. ಆದರೆ ಶೆಡ್ ಬರೀ ಸುಳಿವು. ಲೋಕೋಗಳು ಶೆಡ್‌ನಿಂದ ಶೆಡ್‌ಗೆ ವರ್ಗವಾಗುತ್ತವೆ, ದೂರದ ಶೆಡ್ಡಿನವೂ ಸರಕಿನ ಜೊತೆ ಇಲ್ಲಿಗೆ ಬರುತ್ತವೆ.

ಬಣ್ಣದ ಮಾತೂ ಇಲ್ಲೇ ಆಗಲಿ. ಬಣ್ಣ ನೋಡಿ ಮಾದರಿ ಹೇಳಬೇಡಿ. ಒಂದೇ ಮಾದರಿಗೆ ಒಂದೊಂದು ಶೆಡ್ ಒಂದೊಂದು ಬಣ್ಣ ಹಚ್ಚುತ್ತದೆ, ವರ್ಗವಾಗಿ ಬಂದ ಲೋಕೋ ಹಳೆಯ ಬಣ್ಣದಲ್ಲೇ ವರ್ಷಗಟ್ಟಲೆ ಓಡುತ್ತದೆ. "ನೀಲಿ ಬಣ್ಣದ್ದು, ಯಾವ ಎಂಜಿನ್?" ಎಂಬ ಪ್ರಶ್ನೆಗೆ ಉತ್ತರ ಕೊಡಲು ನನಗೆ ಆಗದಿರುವುದು ಇದಕ್ಕೇ.

ಹಂತ 5: ಮೈಕಟ್ಟು ನೋಡಿ ಕುಟುಂಬ ಹೇಳಿ

ಕೆಲವೊಮ್ಮೆ ಹೆಸರೂ ಇಲ್ಲ, ಸಂಖ್ಯೆಯೂ ಇಲ್ಲ: ಮಸಿ ಮುಚ್ಚಿರುತ್ತದೆ, ಕತ್ತಲಾಗಿರುತ್ತದೆ, ಫೋಟೋ ದೂರದ್ದಾಗಿರುತ್ತದೆ. ಆಗ ಮೈಕಟ್ಟೇ ಗತಿ. ನಮ್ಮ ಸರಕು ಡೀಸೆಲ್‌ಗಳಲ್ಲಿ ಮೂರು ಕುಟುಂಬಗಳಿವೆ. ಮೊದಲು ಕುಟುಂಬ ಹೇಳಲು ಕಲಿಯಿರಿ, ಮಾದರಿ ಆಮೇಲೆ.

ಹುಡ್ ಎಂದರೆ ಯಂತ್ರಗಳನ್ನು ಮುಚ್ಚಿರುವ ಉದ್ದನೆಯ ಪೆಟ್ಟಿಗೆಯಂಥ ಹೊದಿಕೆ. ಅದರ ಎರಡೂ ಪಕ್ಕ ಜನ ನಡೆದಾಡಲು ಕಟಕಟೆ ಇರುವ ಕಿರುದಾರಿ ಇರುತ್ತದೆ. ಕ್ಯಾಬಿನ ಒಂದು ಕಡೆ ಉದ್ದ ಹುಡ್, ಇನ್ನೊಂದು ಕಡೆ ಗಿಡ್ಡ ಹುಡ್.

ಮೊದಲನೆಯದು ಆಲ್ಕೋ ಕುಟುಂಬ. ಅಮೆರಿಕದ ಅಮೆರಿಕನ್ ಲೋಕೋಮೋಟಿವ್ ಕಂಪನಿಯ ವಿನ್ಯಾಸ. ವಾರಾಣಸಿಯ ಡೀಸೆಲ್ ಲೋಕೋಮೋಟಿವ್ ವರ್ಕ್ಸ್ 1964ರಲ್ಲಿ ಮೊದಲ ಲೋಕೋ ಹೊರತಂದಾಗಿನಿಂದ ದಶಕಗಳ ಕಾಲ ತಯಾರಿಸಿದ್ದು ಇದನ್ನೇ. ಆ ಕಾರ್ಖಾನೆಯ ಹೆಸರು 2020ರಿಂದ ಬನಾರಸ್ ಲೋಕೋಮೋಟಿವ್ ವರ್ಕ್ಸ್. ಡಬ್ಲ್ಯೂಡಿಎಂ-2, ಡಬ್ಲ್ಯೂಡಿಎಂ-3ಎ, ಡಬ್ಲ್ಯೂಡಿಎಂ-3ಡಿ, ಡಬ್ಲ್ಯೂಡಿಜಿ-3ಎ ಎಲ್ಲವೂ ಈ ಮನೆಯವು. ಗಿಡ್ಡ ಹುಡ್ ಕೂಡ ಎತ್ತರವಾಗಿರುತ್ತದೆ, ಕ್ಯಾಬಿನ ಮುಂದಿನ ಗಾಜುಗಳು ಹುಡ್ಡಿನ ಎರಡು ಪಕ್ಕಗಳಲ್ಲಿ ಇಣುಕಿದಂತೆ ಕಾಣುತ್ತವೆ. "ಜಂಬೋ" ಎಂದು ಕರೆಯುವ ಕೆಲವು ಡಬ್ಲ್ಯೂಡಿಎಂ-2ಗಳಲ್ಲಿ ಮಾತ್ರ ಗಿಡ್ಡ ಹುಡ್ ತಗ್ಗಾಗಿ, ಗಾಜು ದೊಡ್ಡದಾಗಿದೆ.

ಎರಡನೆಯದು ಇಎಂಡಿ ಕುಟುಂಬ. ಜನರಲ್ ಮೋಟರ್ಸ್‌ನ ಲೋಕೋ ವಿಭಾಗದ ವಿನ್ಯಾಸ, ಅದಕ್ಕೇ ಕೆಲವರು ಇದನ್ನು "ಜಿಎಂ ಲೋಕೋ" ಎನ್ನುವುದು. ಡಬ್ಲ್ಯೂಡಿಜಿ-4, 4ಡಿ, ಡಬ್ಲ್ಯೂಡಿಪಿ-4, 4ಬಿ, 4ಡಿ ಇಲ್ಲಿಗೆ ಸೇರುತ್ತವೆ. ಉದ್ದ ಹುಡ್ಡಿನ ತುದಿಯನ್ನು ನೋಡಿ: ರೇಡಿಯೇಟರ್ ಇರುವ ಭಾಗ ಎರಡೂ ಪಕ್ಕಕ್ಕೆ ಉಬ್ಬಿ, ಭುಜ ಎತ್ತಿ ನಿಂತವನಂತೆ ಕಾಣುತ್ತದೆ. ಆಲ್ಕೋದಲ್ಲಿ ಈ ಭುಜ ಇಲ್ಲ. ಮೇಲ್ಸೇತುವೆಯಿಂದ ನೋಡುವವರಿಗೆ ಇನ್ನೂ ಸುಲಭ. ಆಲ್ಕೋ ತುದಿಯಲ್ಲಿ ಒಂದೇ ದೊಡ್ಡ ಫ್ಯಾನ್, ಇಎಂಡಿಯ ತುದಿಯಲ್ಲಿ ಎರಡು.

ಇಎಂಡಿಯಲ್ಲಿ "ಡಿ" ಬಾಲ ಇರುವವಕ್ಕೆ ಎರಡೂ ತುದಿಯಲ್ಲಿ ಕ್ಯಾಬ್ ಇದೆ. ಅದಕ್ಕೊಂದು ಕಾರಣವೂ ಇದೆ. ಒಂದೇ ಕ್ಯಾಬಿನ ಲೋಕೋ ಉದ್ದ ಹುಡ್ ಮುಂದಾಗಿ ಓಡುವಾಗ ಲೋಕೋ ಪೈಲಟ್‌ಗೆ ಸಿಗ್ನಲ್ ಸರಿಯಾಗಿ ಕಾಣುತ್ತಿರಲಿಲ್ಲ, ಆ ಭುಜಗಳೇ ಅಡ್ಡ. ಎರಡನೆಯ ಕ್ಯಾಬ್ ಬಂದದ್ದು ಈ ತೊಂದರೆ ಕಳೆಯಲು. ಹಾಗಾಗಿ 70ರ ಸರಣಿಯ ಲೋಕೋ ಕಂಡಾಗ ಎರಡೂ ತುದಿ ನೋಡಿ: ಒಂದು ಕ್ಯಾಬ್ ಇದ್ದರೆ ಡಬ್ಲ್ಯೂಡಿಜಿ-4, ಎರಡಿದ್ದರೆ 4ಡಿ.

ಮೂರನೆಯದು ಜನರಲ್ ಎಲೆಕ್ಟ್ರಿಕ್ ಕುಟುಂಬ. ಡಬ್ಲ್ಯೂಡಿಜಿ-4ಜಿ 4,500 ಅಶ್ವಶಕ್ತಿಯದು, ಡಬ್ಲ್ಯೂಡಿಜಿ-6ಜಿ 6,000 ಅಶ್ವಶಕ್ತಿಯದು. 2015ರ ಒಪ್ಪಂದದಲ್ಲಿ ಒಟ್ಟು 1,000 ಲೋಕೋ: ಮೊದಲ ಬಗೆಯವು 700, ಎರಡನೆಯ ಬಗೆಯವು 300. ಇವುಗಳ ಕಾರ್ಖಾನೆ ಬಿಹಾರದ ಮಢೌರಾದಲ್ಲಿದೆ. ಜನರಲ್ ಎಲೆಕ್ಟ್ರಿಕ್‌ನ ಲೋಕೋ ವ್ಯವಹಾರ 2019ರಲ್ಲಿ ವ್ಯಾಬ್‌ಟೆಕ್ ಜೊತೆ ಸೇರಿತು. ನಿರ್ವಹಣೆಯ ಶೆಡ್‌ಗಳು ಉತ್ತರ ಪ್ರದೇಶದ ರೋಜಾ ಮತ್ತು ಗುಜರಾತಿನ ಗಾಂಧಿಧಾಮ. ನಮ್ಮ ಕಡೆಯ ಓದುಗರಿಗೆ ಇವು ಸಿಗುವುದು ಕಡಿಮೆ; ಸಿಕ್ಕರೆ 49, 69 ಎಂಬ ಸಂಖ್ಯೆಗಳೇ ಸಾಕು.

ಹಂತ 6: ಬಗ್ಗಿ ಬೋಗಿ ನೋಡಿ

ನನಗೆ ಅತ್ಯಂತ ಇಷ್ಟದ ಹಂತ ಇದು. ಬಣ್ಣ ಬದಲಾಗುತ್ತದೆ, ಹೆಸರು ಬದಲಾಗುತ್ತದೆ, ಬೋಗಿ ಅಷ್ಟು ಸುಲಭಕ್ಕೆ ಬದಲಾಗುವುದಿಲ್ಲ.

ಡಬ್ಲ್ಯೂಡಿಎಂ-3ಎ ಮತ್ತು ಡಬ್ಲ್ಯೂಡಿಜಿ-3ಎ ಎರಡಕ್ಕೂ ಒಂದೇ ಬಗೆಯ ಎಂಜಿನ್, ಮೈಕಟ್ಟೂ ಹತ್ತಿರ ಹತ್ತಿರ. ಎರಡೂ 3,100 ಅಶ್ವಶಕ್ತಿ. ಕಲಿಯುವವರು ಹೆಚ್ಚು ಎಡವುವ ಜೋಡಿ ಇದೇ. ಪ್ಲಾಟ್‌ಫಾರ್ಮಿನ ಎದುರಿನ ಲೂಪ್‌ನಲ್ಲಿ ನಿಂತ ಲೋಕೋದ ಒಂದು ಬೋಗಿಯನ್ನು ಗುರಿ ಇಟ್ಟು ನೋಡಿ. ಮೂರು ಗಾಲಿಗಳಿರುತ್ತವೆ. ಡಬ್ಲ್ಯೂಡಿಎಂ-3ಎಯಲ್ಲಿ ನಡುವಿನ ಗಾಲಿ ನಟ್ಟನಡುವೆ ಇರುವುದಿಲ್ಲ, ಒಂದು ಪಕ್ಕದ ಗಾಲಿಗೆ ಹತ್ತಿರ, ಇನ್ನೊಂದಕ್ಕೆ ದೂರ. ಇದಕ್ಕೆ ಟ್ರೈಮೌಂಟ್ ಬೋಗಿ ಎನ್ನುತ್ತಾರೆ. ಗಾಲಿ ತಿರುಗಿಸುವ ವಿದ್ಯುತ್ ಮೋಟರುಗಳಿಗೆ ಟ್ರಾಕ್ಷನ್ ಮೋಟರ್ ಎಂದು ಹೆಸರು. ಟ್ರೈಮೌಂಟ್‌ನಲ್ಲಿ ಈ ಮೂರು ಮೋಟರುಗಳು ಒಂದೇ ದಿಕ್ಕಿಗೆ ಮುಖ ಮಾಡಿಲ್ಲ, ಒಂದು ಕಡೆ ಎರಡು ಮೋಟರಿಗೆ ಜಾಗ ಬೇಕು. ಗಾಲಿಗಳ ಅಂತರ ಹೆಚ್ಚುಕಡಿಮೆಯಾಗಿರುವುದು ಹಾಗೆ.

ಡಬ್ಲ್ಯೂಡಿಜಿ-3ಎಯಲ್ಲಿ ಮೂರೂ ಮೋಟರುಗಳು ಒಂದೇ ದಿಕ್ಕಿಗಿವೆ, ಗಾಲಿಗಳು ಹೆಚ್ಚುಕಡಿಮೆ ಸಮ ಅಂತರದಲ್ಲಿ ಕಾಣುತ್ತವೆ. ಭಾರ ಎಳೆಯಲು ಹೊರಟಾಗ ಲೋಕೋದ ಮೂತಿ ಸ್ವಲ್ಪ ಎದ್ದು, ಮುಂದಿನ ಗಾಲಿಗಳ ಮೇಲಿನ ತೂಕ ಕಡಿಮೆಯಾಗುತ್ತದೆ. ತೂಕ ಕಡಿಮೆಯಾದ ಗಾಲಿ ಹಳಿಯ ಮೇಲೆ ಜಾರುತ್ತದೆ. ಮೋಟರುಗಳನ್ನು ಒಂದೇ ದಿಕ್ಕಿಗೆ ಜೋಡಿಸಿದರೆ ಈ ತೂಕದ ಏರುಪೇರು ಕಡಿಮೆ, ಹಿಡಿತ ಹೆಚ್ಚು. ಇದನ್ನು ಹೈ ಅಡ್ಹೀಷನ್ ಬೋಗಿ ಎನ್ನುತ್ತಾರೆ, ಅಂದರೆ ಹಳಿಯ ಮೇಲೆ ಹೆಚ್ಚು ಹಿಡಿತ ಇರುವ ಬೋಗಿ. ಅದರ ಜೊತೆಗೆ ತೂಕವೂ ಇದೆ: ಡಬ್ಲ್ಯೂಡಿಎಂ-2 ಸುಮಾರು 113 ಟನ್, ಡಬ್ಲ್ಯೂಡಿಜಿ-3ಎ 123 ಟನ್, ಡಬ್ಲ್ಯೂಡಿಜಿ-4 126 ಟನ್. ಸರಕು ಲೋಕೋಗೆ ತೂಕ ಒಂದು ದೋಷವಲ್ಲ, ಅದೇ ಅದರ ಬಲ.

ಆದರೆ ಡಬ್ಲ್ಯೂಡಿಎಂ-3ಡಿಗೂ ಇದೇ ಜಾತಿಯ ಬೋಗಿ ಇದೆ. ಸಮ ಅಂತರ ಕಂಡೊಡನೆ ಡಬ್ಲ್ಯೂಡಿಜಿ-3ಎ ಎಂದು ಬರೆದುಬಿಡಬೇಡಿ, ಸಂಖ್ಯೆ 11ರಿಂದ ಶುರುವಾಗುತ್ತದೆಯೇ ನೋಡಿ.

ಕೋ-ಕೋ (ಇಂಗ್ಲಿಷಿನಲ್ಲಿ Co-Co) ಎಂಬ ಪದವೂ ನಿಮಗೆ ಎದುರಾಗುತ್ತದೆ. ಸಿ ಎಂದರೆ ಒಂದು ಬೋಗಿಯಲ್ಲಿ ಮೋಟರು ತಿರುಗಿಸುವ ಮೂರು ಅಚ್ಚು, ಬಿ ಎಂದರೆ ಎರಡು. ಪಕ್ಕದ "ಒ" ಎಂದರೆ ಪ್ರತಿ ಅಚ್ಚಿಗೂ ಅದರದೇ ಮೋಟರು. ಡಬ್ಲ್ಯೂಡಿಜಿ-4 ಕೋ-ಕೋ, ಆರೂ ಅಚ್ಚುಗಳಿಗೆ ಮೋಟರಿದೆ. ಅದರ ಅಣ್ಣತಮ್ಮನಂತೆ ಕಾಣುವ ಡಬ್ಲ್ಯೂಡಿಪಿ-4ರಲ್ಲಿ ಗಾಲಿ ಅಷ್ಟೇ ಇದ್ದರೂ ಮೋಟರುಗಳು ನಾಲ್ಕೇ; ಪ್ರತಿ ಬೋಗಿಯಲ್ಲಿ ಒಂದು ಅಚ್ಚು ಸುಮ್ಮನೆ ಉರುಳುತ್ತದೆ. ಹೊರಗಿನಿಂದ ಗಾಲಿ ಎಣಿಸಿದರೆ ಇದು ತಿಳಿಯದು. ಈ ಎರಡನ್ನು ಬೇರ್ಪಡಿಸಲು 12 ಅಥವಾ 20 ಎಂಬ ಸಂಖ್ಯೆಯೇ ನಂಬಿಕಸ್ಥ ದಾರಿ.

ಹಂತ 7: ಕಣ್ಣು ಮುಚ್ಚಿ ಕೇಳಿ

ರಾತ್ರಿ ಮನೆಯಲ್ಲಿ ಮಲಗಿದ್ದಾಗಲೂ ಕುಟುಂಬ ಹೇಳಬಹುದು. ಆಲ್ಕೋದ್ದು ಗುಡು-ಗುಡು, ಗುಡು-ಗುಡು ಎಂದು ತುಂಡು ತುಂಡಾಗಿ ಕೇಳುವ ಸದ್ದು. ನಿಂತಲ್ಲೇ ನಿಂತಿರುವಾಗ ಒಂದೊಂದು ಬಡಿತವನ್ನೂ ಎಣಿಸಬಹುದೇನೋ ಅನ್ನಿಸುತ್ತದೆ. ಇಎಂಡಿಯದು ಒಂದೇ ಎಳೆಯ ಗುಂಯ್‌ಗುಡುವಿಕೆ, ಅದರ ಮೇಲೆ ತೆಳ್ಳಗಿನ ಒಂದು ಸೀಟಿ.

ಇದಕ್ಕೆ ಕಾರಣ ಎಂಜಿನ್ನಿನ ಒಳಗಿದೆ. ಎರಡೂ ಸಾಮಾನ್ಯವಾಗಿ 16 ಸಿಲಿಂಡರಿನವು. ಆಲ್ಕೋ 251 ಎಂಜಿನ್ ನಾಲ್ಕು ಸ್ಟ್ರೋಕಿನದು, ಪ್ರತಿ ಸಿಲಿಂಡರ್ ಎರಡು ಸುತ್ತಿಗೊಮ್ಮೆ ಉರಿಯುತ್ತದೆ. ಇಎಂಡಿ 710 ಎಂಜಿನ್ ಎರಡು ಸ್ಟ್ರೋಕಿನದು, ಪ್ರತಿ ಸುತ್ತಿಗೂ ಉರಿಯುತ್ತದೆ. ಲೆಕ್ಕ ಹಾಕಿ ನೋಡಿ: ಪೂರ್ತಿ ವೇಗದಲ್ಲಿ ಆಲ್ಕೋ ನಿಮಿಷಕ್ಕೆ ಸುಮಾರು 1,000 ಸುತ್ತು, ಅಂದರೆ ಸೆಕೆಂಡಿಗೆ 130ರಷ್ಟು ಬಡಿತ. ಇಎಂಡಿ ಸುಮಾರು 900 ಸುತ್ತೇ, ಆದರೂ ಸೆಕೆಂಡಿಗೆ 240 ಬಡಿತ. ನಿಧಾನ ತಿರುಗುವ ಎಂಜಿನ್ನೇ ಹೆಚ್ಚು ಸಲ ಬಡಿಯುತ್ತದೆ, ಕಿವಿಗೆ ಬಡಿತಗಳು ಕೂಡಿಕೊಂಡು ಒಂದೇ ನಾದವಾಗುತ್ತವೆ.

ಹೊಗೆಯೂ ಹೀಗೆಯೇ. ಲೋಕೋ ಪೈಲಟ್ ಶಕ್ತಿ ಹೆಚ್ಚಿಸುವ ಹಿಡಿಕೆಗೆ ಎಂಟು ಮೆಟ್ಟಿಲು, ಒಂದೊಂದಕ್ಕೂ "ನಾಚ್" ಎಂದು ಹೆಸರು. ನಾಚ್ ಏರಿಸಿದೊಡನೆ ಆಲ್ಕೋ ಕಪ್ಪು ಹೊಗೆಯ ದೊಡ್ಡ ಮುದ್ದೆ ಎಸೆಯುತ್ತದೆ. ಎಂಜಿನ್ನಿಗೆ ಗಾಳಿ ತುಂಬುವ ಟರ್ಬೋ ಹೊರಹೋಗುವ ಬಿಸಿ ಅನಿಲದಿಂದ ತಿರುಗುವಂಥದ್ದು, ಅದು ವೇಗ ಹಿಡಿಯುವವರೆಗೆ ಡೀಸೆಲ್ ಹೆಚ್ಚು, ಗಾಳಿ ಕಡಿಮೆ. ಇಎಂಡಿಯಲ್ಲಿ ಕಡಿಮೆ ಭಾರದ ಹೊತ್ತಿನಲ್ಲಿ ಟರ್ಬೋವನ್ನು ಎಂಜಿನ್ನೇ ಗೇರುಗಳ ಮೂಲಕ ತಿರುಗಿಸುತ್ತದೆ, ಹಾಗಾಗಿ ಗಾಳಿಗೆ ಕಾಯಬೇಕಿಲ್ಲ. ಆ ಸೀಟಿಯೂ ಅಲ್ಲಿಂದಲೇ.

ಹೊಗೆ ಇಲ್ಲ ಎಂದು ಕಣ್ಣುಮುಚ್ಚಿ ಇಎಂಡಿ ಎನ್ನಬೇಡಿ. ಒಂದೇ ನಾಚ್‌ನಲ್ಲಿ ಸ್ಥಿರವಾಗಿ ಓಡುವ ಆಲ್ಕೋ ಕೂಡ ಹೆಚ್ಚು ಹೊಗೆ ಬಿಡುವುದಿಲ್ಲ. ನೋಡಬೇಕಾದದ್ದು ಹೊರಡುವ ಗಳಿಗೆಯನ್ನು.

ಹಂತ 8: ಒಂದಕ್ಕಿಂತ ಹೆಚ್ಚು ಲೋಕೋ ಇದ್ದರೆ

ಸರಕು ಗಾಡಿಗೆ ಎರಡು, ಮೂರು ಲೋಕೋ ಜೋಡಿಸುವುದು ಸಾಮಾನ್ಯ. ಒಂದೇ ಕ್ಯಾಬಿನಿಂದ ಎಲ್ಲವನ್ನೂ ನಡೆಸುವ ಜೋಡಣೆಗೆ ಮಲ್ಟಿಪಲ್ ಯೂನಿಟ್ ಎನ್ನುತ್ತಾರೆ. ಜೋಡಿ ಎಂದ ಮಾತ್ರಕ್ಕೆ ಎರಡೂ ಒಂದೇ ಮಾದರಿ ಎಂದಲ್ಲ. ಒಂದೊಂದನ್ನೂ ಬೇರೆಯಾಗಿ ಓದಿ. ಒಂದು ಲೋಕೋ ಎಂಜಿನ್ ಆರಿಸಿಕೊಂಡು ಸುಮ್ಮನೆ ಎಳೆಸಿಕೊಂಡು ಹೋಗುತ್ತಿರಲೂಬಹುದು, ಅದನ್ನು "ಡೆಡ್" ಎಂದು ಬರೆಯುವುದು ವಾಡಿಕೆ.

ಘಾಟಿಯಲ್ಲಿ ಗಾಡಿಯ ಹಿಂಬದಿಯನ್ನೂ ನೋಡಿ. ಹಿಂದಿನಿಂದ ತಳ್ಳುವ ಲೋಕೋಗೆ ಬ್ಯಾಂಕರ್ ಎಂದು ಹೆಸರು. ಕ್ಯಾಸಲ್ ರಾಕ್–ಕುಳೆ ನಡುವಿನ ಬ್ರಗಾಂಜಾ ಘಾಟಿಯಲ್ಲಿ ಏರು 37ಕ್ಕೆ 1, ಅಂದರೆ 37 ಮೀಟರ್ ಮುಂದೆ ಹೋದರೆ 1 ಮೀಟರ್ ಮೇಲೆ. ಮುರಗಾಂವ ಬಂದರಿನಿಂದ ಕಲ್ಲಿದ್ದಲು ಹೊತ್ತು ಈ ಘಾಟಿ ಏರುವ ಗಾಡಿಗಳಿಗೆ ಮುಂದೊಂದು ಗುಂಪು, ಹಿಂದೊಂದು ಗುಂಪು ಹುಬ್ಬಳ್ಳಿಯ ಡಬ್ಲ್ಯೂಡಿಜಿ-4ಗಳು ವರ್ಷಗಟ್ಟಲೆ ದುಡಿದಿವೆ. ಮುಂದಿನದನ್ನು ಮಾತ್ರ ಬರೆದುಕೊಂಡು ಕ್ಯಾಮೆರಾ ಒಳಗಿಟ್ಟರೆ ಅರ್ಧ ಗಾಡಿ ತಪ್ಪಿಹೋಗುತ್ತದೆ.

ಇನ್ನೊಂದು ವಿಚಿತ್ರ ಜೋಡಿಯ ಬಗ್ಗೆಯೂ ತಿಳಿದಿರಲಿ. ಎರಡು ಡಬ್ಲ್ಯೂಡಿಜಿ-3ಎಗಳನ್ನು ವಾರಾಣಸಿಯಲ್ಲಿ ವಿದ್ಯುತ್ ಲೋಕೋ ಆಗಿ ಪರಿವರ್ತಿಸಿ, ಜೋಡಿಗೆ 10,000 ಅಶ್ವಶಕ್ತಿ ಕೊಟ್ಟು ಡಬ್ಲ್ಯೂಎಜಿಸಿ-3 ಎಂದು ಹೆಸರಿಟ್ಟರು. 2019ರಲ್ಲಿ ಅದಕ್ಕೆ ಹಸಿರು ನಿಶಾನೆ ಸಿಕ್ಕಿತು. ಬೋಗಿ ನೋಡಿದರೆ ಡೀಸೆಲ್, ತಲೆ ಎತ್ತಿ ನೋಡಿದರೆ ತಂತಿಯಿಂದ ವಿದ್ಯುತ್ ಪಡೆಯುವ ಪ್ಯಾಂಟೋಗ್ರಾಫ್! ಅಕ್ಷರಗಳನ್ನು ಓದಿದರೆ ಗೊಂದಲವಿಲ್ಲ: ಎರಡನೆಯ ಅಕ್ಷರ ಡಿ ಅಲ್ಲ, ಎ.

ಬರೆದುಕೊಳ್ಳುವ ಕ್ರಮ

ಒಂದು ಸಾಲಿನಲ್ಲಿ ಹೀಗೆ ಬರೆಯಿರಿ: ದಿನಾಂಕ, ಸಮಯ, ಜಾಗ, ಗಾಡಿ ಹೋಗುವ ದಿಕ್ಕು, ಲೋಕೋ ಸಂಖ್ಯೆ, ಮೈಮೇಲೆ ಬರೆದಿದ್ದ ಮಾದರಿ, ಶೆಡ್, ಯಾವ ಹುಡ್ ಮುಂದಿತ್ತು, ವ್ಯಾಗನ್‌ಗಳು ಯಾವ ಬಗೆಯವು. ಕಂಡದ್ದನ್ನೂ ಊಹಿಸಿದ್ದನ್ನೂ ಬೆರೆಸಬೇಡಿ. ಊಹೆಯಾದರೆ ಪಕ್ಕದಲ್ಲಿ ಪ್ರಶ್ನೆಚಿಹ್ನೆ ಹಾಕಿ. ಸಂಖ್ಯೆಯ ಒಂದು ಅಂಕಿ ಕಾಣದಿದ್ದರೆ ಅಲ್ಲೊಂದು ಅಡ್ಡಗೆರೆ ಎಳೆಯಿರಿ, ತೋಚಿದ ಅಂಕಿ ತುಂಬಬೇಡಿ.

ಫೋಟೋ ತೆಗೆಯುವುದಾದರೆ ಮೂತಿಯದೊಂದು, ಪೂರ್ತಿ ಪಕ್ಕದ್ದೊಂದು, ಬೋಗಿಯದೊಂದು. ಗಾಡಿ ನಿಂತಿದ್ದರೆ ತಯಾರಕರ ಫಲಕವನ್ನೂ ಹುಡುಕಿ. ಕಾರ್ಖಾನೆಯ ಹೆಸರು ಮತ್ತು ತಯಾರಾದ ವರ್ಷ ಅದರಲ್ಲಿರುತ್ತದೆ. ನನಗೆ ಪ್ರಶ್ನೆ ಕಳಿಸುವಾಗ ಈ ಮೂರರಲ್ಲಿ ಒಂದನ್ನೇ ಕಳಿಸಲು ಆಗುವುದಾದರೆ ಪಕ್ಕದ್ದನ್ನು ಕಳಿಸಿ. ಗಾಲಿಗಳ ಅಂತರ, ಕ್ಯಾಬಿನ ಲೆಕ್ಕ, ರೇಡಿಯೇಟರಿನ ಭುಜ ಮೂರೂ ಅದೊಂದರಲ್ಲೇ ಕಾಣುತ್ತವೆ.